ಸವಾಯಿಯ ರಾತ್ರಿಗಳು

ಪುಣೆಯಲ್ಲಿ ಡಿಸೆಂಬರ್ ತಿಂಗಳ ನಡುವಿಗೆ ನಡೆಯುವ ಸವಾಯಿ ಗಂಧರ್ವ ಸಂಗೀತೋತ್ಸವಕ್ಕೆ ಆ ಊರಿನವರು ಬರೇ 'ಸವಾಯಿ' ಅನ್ನುತ್ತಾರೆ. ಸವಾಯಿ ಎಂದರೆ ಒಂದೂಕಾಲು. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಹೆಸರು ಮನೆಮಾತಾಗಿದ್ದ ಕಾಲದಲ್ಲಿ, ನಮ್ಮ ಕುಂದಗೋಳದ ರಾಮಭಾವು ಎಂಬವರು ನಾಟಕದಲ್ಲಿ ಹಾಡಿದ್ದನ್ನು ಮೆಚ್ಚಿ, ಇವರು ಗಂಧರ್ವನಿಗಿಂತ ಕಾಲುಪಾಲು ಹೆಚ್ಚೆಂದು ಕೊಟ್ಟ ಬಿರುದು ಅದು. ಕಾಲಾಂತರದಲ್ಲಿ ಬಿರುದೇ ಹೆಸರಾಯಿತು. ಈಗ ಒಂದು ಉತ್ಸವದ ಹೆಸರೂ ಆಗಿದೆ.

ಇತ್ತೀಚೆಗೆ ಒಂದು ವರ್ಷ ಶನಿವಾರ, ಭಾನುವಾರ ಎರಡೂ ದಿನ ಅಲ್ಲಿಯೇ ಇದ್ದು ಕೇಳಿ ಬಂದೆ. ಅದಕ್ಕೂ ಹಿಂದೆ, ತೊಂಬತ್ತರ ದಶಕದಲ್ಲಿ, ಶನಿವಾರ ಪೇಟೆಯ ರಮಣಬಾಗ ಶಾಲೆಯ ಮೈದಾನದಲ್ಲಿ ಇದೇ ಉತ್ಸವವನ್ನು ರಾತ್ರಿಯಿಡೀ ಕೂತು ಕೇಳಿದ್ದುಂಟು. ಆ ಎರಡರ ನಡುವೆ ಏನಾಯಿತು, ಏನು ಹೋಯಿತು ಎಂಬುದೇ ಈ ಬರಹದ ವಿಷಯ. ಆದರೆ ಅದನ್ನು ಹೇಳುವ ಮೊದಲು ಉತ್ಸವ ಹುಟ್ಟಿದ ಬಗೆಯನ್ನು ನೆನೆಯಬೇಕು.

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆ ಹೊರಟ ರೈಲಿಗೆ ಬಲುಬೇಗ ಸಿಗುವ ಊರು ಕುಂದಗೋಳ. ಆಗ ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ರಾಮಭಾವು 1886ರ ಜನವರಿ 19ರಂದು ಹುಟ್ಟಿದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರಾದರು. ಖಾನ್ ಸಾಹೇಬರು ಉತ್ತರದಿಂದ ಬಂದು ಮಿರಜಿನಲ್ಲಿ ನೆಲೆ ಮಾಡಿಕೊಂಡು, ಮೈಸೂರಿನವರೆಗೆ ಓಡಾಡುತ್ತಿದ್ದವರು. ಪುಣೆ, ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಮೈಸೂರು ಎಂಬ ಆ ಹಾದಿಯನ್ನು ಒಂದು ರೈಲುದಾರಿ ಕಟ್ಟಿಕೊಟ್ಟಿತ್ತು. ಹಿಂದೂಸ್ತಾನಿ ಸಂಗೀತ ನಮ್ಮ ಕಡೆ ಬೇರು ಬಿಟ್ಟದ್ದಕ್ಕೆ ನೀರು ಗಾಳಿಯ ಮಹಿಮೆ ಎಂದು ಧಾರವಾಡದವರು ಹೆಮ್ಮೆಪಡುತ್ತೇವೆ. ಆ ಮಹಿಮೆಯಲ್ಲಿ ಅರ್ಧಪಾಲು ರೈಲಿಗೂ ಸಲ್ಲಬೇಕು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಪಾಠಕ್ಕೆ ಹೋಗಿ ಬರುತ್ತಿದ್ದುದು ಇದೇ ರೈಲಿನಲ್ಲಿ.

ಇನ್ನೊಬ್ಬ ಶಿಷ್ಯ ಗದಗಿನ ಹುಡುಗ ಭೀಮಸೇನ. 1922ರಲ್ಲಿ ಹುಟ್ಟಿದವನು, ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿಯ ರೆಕಾರ್ಡು ಕೇಳಿ, ಹಾಗೆ ಹಾಡಬೇಕೆಂಬ ಹಟ ಹಿಡಿದು, 1933ರಲ್ಲಿ ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು ಓಡಿದ. ಗ್ವಾಲಿಯರ್, ಜಲಂಧರ ಎಂದೆಲ್ಲ ಅಲೆದ. ಕೊನೆಗೆ ಗುರು ಸಿಕ್ಕಿದ್ದು ತನ್ನ ಮನೆಯಿಂದ ಅಷ್ಟೇನೂ ದೂರವಿಲ್ಲದ ಕುಂದಗೋಳದಲ್ಲಿ. ಗುರುಗಳ ಮನೆಗೆ ನೀರು ಹೊತ್ತು, ಬೈಸಿಕೊಂಡು, ವರ್ಷಗಟ್ಟಲೆ ಕಲಿತ.

ಸವಾಯಿ ಗಂಧರ್ವರು 1952ರ ಸೆಪ್ಟೆಂಬರ್ 12ರಂದು ತೀರಿಕೊಂಡರು. ಮರುವರ್ಷವೇ, 1953ರಲ್ಲಿ, ಭೀಮಸೇನ ಜೋಶಿಯವರು ಪುಣೆಯಲ್ಲಿ ಅವರ ಸ್ಮರಣೆಯ ಸಂಗೀತಸಭೆಯನ್ನು ಆರಂಭಿಸಿದರು. ಸರಕಾರ ಕಟ್ಟಿದ ಉತ್ಸವವಲ್ಲ, ಅರಮನೆಯದೂ ಅಲ್ಲ. ಗುರುವಿನ ಋಣ ತೀರಿಸಲಿಕ್ಕೆ ಶಿಷ್ಯ ಹೂಡಿದ್ದು. ಮನೆಯಲ್ಲಿ ಹಿರಿಯರ ತಿಥಿ ಮಾಡುವ ಹಾಗೆ ಅವರು ಇದನ್ನು ವರ್ಷವರ್ಷವೂ ತಪ್ಪದೆ ನಡೆಸಿಕೊಂಡು ಬಂದರು. ಬರುಬರುತ್ತ ದೇಶದ ದೊಡ್ಡ ಕಲಾವಿದರೆಲ್ಲ ಅಲ್ಲಿ ಹಾಡುವುದನ್ನು ಮಾನವೆಂದು ತಿಳಿದರು.

ಆ ತಿಥಿಗೆ ಒಂದು ಕ್ರಮವಿತ್ತು. ರಾತ್ರಿ ಆರಂಭವಾದ ಸಂಗೀತ ಬೆಳಕು ಹರಿಯುವತನಕ ನಡೆಯಬೇಕು. ಹಿಂದೂಸ್ತಾನಿ ರಾಗಗಳಿಗೆ ಹೊತ್ತು ಗೊತ್ತು ಇರುವುದು ಓದುಗರಿಗೆ ತಿಳಿದದ್ದೇ. ಸಂಜೆಗೆ ಮಾರವಾ, ದೀಪ ಹಚ್ಚಿದ ಮೇಲೆ ಯಮನ, ರಾತ್ರಿ ಏರಿದಂತೆ ಬಾಗೇಶ್ರೀ, ದರಬಾರಿ, ಮಾಲಕಂಸ; ಬೆಳ್ಳಿ ಮೂಡುವ ಹೊತ್ತಿಗೆ ಲಲಿತ, ಆಮೇಲೆ ಭೈರವ, ತೋಡಿ. ರಾತ್ರಿಯಿಡೀ ಕೂತವನಿಗೆ ಈ ಸಾಲು ಪುಸ್ತಕದ ನಿಯಮವಾಗಿ ಕಾಣುವುದಿಲ್ಲ, ಮೈಗೆ ತಿಳಿಯುತ್ತದೆ. ಡಿಸೆಂಬರಿನ ಚಳಿ. ಶಾಲು, ಕಂಬಳಿ ಹೊದ್ದು ಜಮಖಾನದ ಮೇಲೆ ಕೂತ ಸಂಸಾರಗಳು, ತೊಡೆಯ ಮೇಲೆ ಮಲಗಿದ ಮಕ್ಕಳು, ಚಹಾದ ಅಂಗಡಿಯ ಮುಂದೆ ತಾನಿನ ಬಗ್ಗೆ ವಾದ ಮಾಡುವ ನಿವೃತ್ತ ಮಾಸ್ತರರು. ಮೂರು ಗಂಟೆಗೆ ಕಣ್ಣು ಎಳೆಯುತ್ತದೆ. ನಾಲ್ಕಕ್ಕೆ ಯಾರೋ ಲಲಿತದ ಎರಡು ಮಧ್ಯಮಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟಾಗ, ನಿದ್ದೆ ಎಚ್ಚರಗಳ ನಡುವೆ ಆ ರಾಗ ಯಾಕೆ ಹಾಗಿದೆ ಎಂಬುದು ಥಟ್ಟನೆ ಅರ್ಥವಾಗುತ್ತದೆ.

ಕೊನೆಯ ರಾತ್ರಿಯ ಕೊನೆಯ ಪಾಳಿ ಗುರುವಿನ ಶಿಷ್ಯರದು. ಫಿರೋಜ ದಸ್ತೂರರು, ಗಂಗೂಬಾಯಿಯವರು, ಬೆಳಗಿಗೆ ಭೀಮಸೇನರು. ಅದೂ ಮುಗಿದ ಮೇಲೆ ಸವಾಯಿ ಗಂಧರ್ವರದೇ ಭೈರವಿಯ ಹಳೆಯ ರೆಕಾರ್ಡು ಹಾಕುತ್ತಿದ್ದರು. ಸಾವಿರಾರು ಜನ ಉಸಿರು ಬಿಗಿ ಹಿಡಿದು, ಕರಕರ ಸದ್ದಿನ ಹಿಂದಿನಿಂದ ಬರುವ ಆ ದನಿಯನ್ನು ಕೇಳಿ ಮನೆಗೆ ಹೋಗುತ್ತಿದ್ದರು. ಕೊನೆಯ ಮಾತು ಗುರುವಿನದೇ ಇರಲಿ ಎಂಬ ಭಾವ.

ಈ ರಾತ್ರಿಗಳನ್ನು ನಿಲ್ಲಿಸಿದ್ದು ಒಂದು ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವುದನ್ನು ನಿಷೇಧಿಸಿದವು. ಹಬ್ಬ, ಸಾಂಸ್ಕೃತಿಕ ಸಮಾರಂಭಗಳಿಗೆಂದು ವರ್ಷದಲ್ಲಿ ಹದಿನೈದು ದಿನ ಮೀರದಂತೆ ನಡುರಾತ್ರಿಯವರೆಗೆ ರಿಯಾಯಿತಿ ಕೊಡುವ ಅಧಿಕಾರ ರಾಜ್ಯ ಸರಕಾರಗಳಿಗೆ ಸಿಕ್ಕಿತು. 2005ರಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಬಿಗಿ ಮಾಡಿತು. ಅಹೋರಾತ್ರಿಯ ಸವಾಯಿ ಅಲ್ಲಿಗೆ ಮುಗಿಯಿತು.

ಕಾನೂನನ್ನು ಬೈಯಲು ನನಗೆ ಮನಸ್ಸಿಲ್ಲ. ಮೈದಾನದ ಪಕ್ಕದ ಮನೆಯಲ್ಲಿ ಕಾಯಿಲೆಯವರಿರುತ್ತಾರೆ, ಬೆಳಗಿನ ಪಾಳಿಗೆ ಹೋಗುವವರಿರುತ್ತಾರೆ. ದರಬಾರಿ ನಮಗೆ ಅಮೃತವಾದರೆ ಅವರಿಗೂ ಆಗಬೇಕೆಂಬ ಕಟ್ಟಳೆ ಎಲ್ಲಿದೆ? ಕಿವಿ ಕಿವುಡಾಗಿಸುವ ಮೆರವಣಿಗೆಗಳನ್ನು ಹಿಡಿಯಲು ಬೀಸಿದ ಬಲೆಯಲ್ಲಿ ತಂಬೂರಿಯೂ ಸಿಕ್ಕಿಬಿತ್ತು, ಅಷ್ಟೆ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ನ್ಯಾಯ ಮಾಡಲು ಬರುವುದಿಲ್ಲ.

ಭೀಮಸೇನರು 2011ರ ಜನವರಿ 24ರಂದು ತೀರಿಕೊಂಡ ಮೇಲೆ ಉತ್ಸವದ ಹೆಸರು 'ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ' ಆಯಿತು. ಈಗ ನಡೆಯುವುದು ಮುಕುಂದನಗರದ ದೊಡ್ಡ ಮೈದಾನದಲ್ಲಿ, ಐದು ದಿನ. ನಾನು ಹೋದ ಶನಿವಾರ ನಡುರಾತ್ರಿಯವರೆಗೆ ಪರವಾನಗಿ ಇತ್ತು. ಭಾನುವಾರ ಮಧ್ಯಾಹ್ನವೇ ಆರಂಭಿಸಿ ಹತ್ತಕ್ಕೆ ಮುಗಿಸಿದರು. ಬೆಳಗಿನ ಹೊತ್ತು ಸವಾಯಿ ಗಂಧರ್ವ ಸ್ಮಾರಕದಲ್ಲಿ ಹಳೆಯ ಕಲಾವಿದರ ಬಗೆಗಿನ ಚಿತ್ರಗಳು, ಮೈದಾನದಲ್ಲಿ ಛಾಯಾಚಿತ್ರಗಳ ಪ್ರದರ್ಶನ, ಪುಸ್ತಕ, ರೆಕಾರ್ಡುಗಳ ಮಳಿಗೆ. ವ್ಯವಸ್ಥೆ ಅಚ್ಚುಕಟ್ಟು. ತರುಣರು ಬಹಳ ಜನ ಬಂದಿದ್ದರು. ಮಧ್ಯಾಹ್ನ ಆರಂಭವಾದದ್ದರಿಂದ ಒಂದು ಲಾಭವೂ ಆಗಿದೆ: ರಾತ್ರಿಯ ಸಭೆಗಳಲ್ಲಿ ಸರದಿಯೇ ಬಾರದಿದ್ದ ಭೀಮಪಲಾಸಿ, ಮುಲತಾನಿಗಳಿಗೆ ಈಗ ಅವುಗಳ ಹೊತ್ತು ಸಿಕ್ಕಿದೆ.

ಆದರೆ ಭಾನುವಾರ ಒಂಬತ್ತೂವರೆಗೆ ವೇದಿಕೆಯ ಮೇಲಿನವರು ಗಡಿಯಾರ ನೋಡುವುದನ್ನು ಕಂಡೆ. ಕಿರಾಣೆಯ ಗಾಯನವೆಂದರೆ ಒಂದೊಂದೇ ಸ್ವರದ ಮೇಲೆ ನಿಂತು, ತಂಗಿ, ನಿಧಾನವಾಗಿ ಮೇಲೇರುವುದು. ಅದಕ್ಕೆ ಬೇಕಾದದ್ದು ಪುರಸತ್ತು. ಸಮಯದ ಕಟ್ಟು ಹೊಸದೇನಲ್ಲ ಎನ್ನಬಹುದು. ಗದಗಿನ ಹುಡುಗನನ್ನು ಮನೆ ಬಿಡಿಸಿದ್ದೇ ಮೂರು ಮಿನಿಟಿನ ರೆಕಾರ್ಡು. ನಿಜ. ಆದರೆ ಆ ಮೂರು ಮಿನಿಟು ಅವನನ್ನು ಕರೆದೊಯ್ದದ್ದು ವರ್ಷಗಟ್ಟಲೆಯ ಸಾಧನೆಯ ಕಡೆಗೆ, ರಾತ್ರಿಯುದ್ದದ ಬೈಠಕ್ಕುಗಳ ಕಡೆಗೆ. ತುಣುಕು ಇಡಿಯ ರುಚಿ ಹತ್ತಿಸುತ್ತಿತ್ತು. ಇಂದಿನ ತರುಣರಿಗೆ ಫೋನಿನಲ್ಲಿ ತುಣುಕುಗಳು ಬೇಕಾದಷ್ಟಿವೆ. ರುಚಿ ಹತ್ತಿದ ಮೇಲೆ ಹೋಗಿ ಕೂರಲು ಇಡೀ ರಾತ್ರಿ ಎಲ್ಲಿದೆ? ಸಭೆಯಲ್ಲಿ ಹಾಡದ ರಾಗವನ್ನು ಗಾಯಕ ಎಷ್ಟು ದಿನ ಮನೆಯಲ್ಲಿ ಸಾಧನೆ ಮಾಡಿಯಾನು? ನಸುಕಿನ ಲಲಿತವನ್ನು ನಸುಕಿನಲ್ಲಿ ಕೇಳಿದವರ ತಲೆಮಾರು ಮುಗಿದರೆ, ಆ ಹೊತ್ತಿನ ನಿಯಮ ಪುಸ್ತಕದಲ್ಲಷ್ಟೇ ಉಳಿಯುತ್ತದೆ.

ದಾರಿ ಇಲ್ಲವೆಂದಲ್ಲ. ಅದೇ ನಿಯಮಗಳು ಮುಚ್ಚಿದ ಸಭಾಗೃಹಗಳಿಗೆ ವಿನಾಯಿತಿ ಕೊಟ್ಟಿವೆ. ಹತ್ತು ಸಾವಿರ ಜನ ಬೇಡ, ಮುನ್ನೂರು ಜನ ಸಾಕೆಂದರೆ ರಾತ್ರಿ ಮತ್ತೆ ಸಿಗುತ್ತದೆ. ನಮ್ಮ ಕಡೆ ಇದಕ್ಕೆ ಮಾದರಿಯೂ ಇದೆ. ಗುರುವಿನ ಪುಣ್ಯತಿಥಿಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಸುವ ಪದ್ಧತಿ ಬೆಳೆದುಬಂದಿದೆ. ಮರದ ಕಂಬಗಳ ನಡುವೆ ಒತ್ತೊತ್ತಾಗಿ ಕೂತು, ದೊಡ್ಡ ಧ್ವನಿವರ್ಧಕದ ಹಂಗಿಲ್ಲದೆ ಕೇಳುವ ಜಾಗ ಅದು. ಪುಣೆಯ ಉತ್ಸವ ಸಂಗೀತಕ್ಕೆ ಜನರನ್ನು ಕೂಡಿಸಿಕೊಟ್ಟಿತು. ಆ ಉಪಕಾರ ಸಣ್ಣದಲ್ಲ. ಆ ಸಂಗೀತದ ಕೊನೆಯ ಜಾವಗಳನ್ನು ಉಳಿಸಿಕೊಳ್ಳುವ ಕೆಲಸ ಇಂಥ ಚಿಕ್ಕ ಊರುಗಳದು. ಹುಬ್ಬಳ್ಳಿಯವರು, ಧಾರವಾಡದವರು ಡಿಸೆಂಬರಿನಲ್ಲಿ ಪುಣೆಗೆ ಅವಶ್ಯ ಹೋಗಲಿ. ಅದರ ಜೊತೆಗೆ ವರ್ಷಕ್ಕೊಂದು ರಾತ್ರಿ ಕುಂದಗೋಳಕ್ಕೂ ಹೋಗಿ, ಬೆಳಗಾಗುವತನಕ ಏಳದೆ ಕೂತು ಬರಲಿ.