ಗುಡುಗುಡಿ ಹಾಡು ಹೋದ ದಾರಿ

2010ರ ಬ್ಯಾಸಗಿ. ಅಥಣಿ ತಾಲೂಕಿನ ನಮ್ಮವ್ವನ ತವರೂರಲ್ಲಿ ಮದುವೆ ಇತ್ತು. ರಾಯಬಾಗದ ತಂಗಿಯ ಮಗ ಬೆಂಗಳೂರಿನಿಂದ ಹೊಸ ಕಾರು ತಂದಿದ್ದ. ನಿಪ್ಪಾಣಿಗೆ ಬಂದು ನನ್ನನ್ನೂ ಅವ್ವನನ್ನೂ ಹತ್ತಿಸಿಕೊಂಡ. ಮುಂದಿನ ಸೀಟಿನಲ್ಲಿ ಮದುವೆ ಬುಟ್ಟಿ, ಹಿಂದೆ ನಾವಿಬ್ಬರು. ಚಿಕ್ಕೋಡಿ ದಾಟುವವರೆಗೆ ಸುಮ್ಮನಿದ್ದವನು ಆಮೇಲೆ ಒಂದು ಸಿ.ಡಿ. ಹಾಕಿದ. ಗಿಟಾರು ಝಣಝಣ ಅಂದಿತು, ಡ್ರಮ್ಮು ಬಡಿಯಿತು, ಪಿಟೀಲು ಸೇರಿತು. ಇನ್ನೇನು "ಸಾವಕಾಶ ಮಾಡೋ ಪುಣ್ಯಾತ್ಮಾ" ಎನ್ನಬೇಕು, ಅಷ್ಟರಲ್ಲಿ ಗಂಡಸಿನ ದನಿಯೊಂದು ಕನ್ನಡದಲ್ಲಿ ಹಾಡತೊಡಗಿತು. ಶಿಶುನಾಳ ಶರೀಫರ ಗುಡುಗುಡಿಯ ಹಾಡು!

ನನಗೆ ಸಿಟ್ಟೇ ಬಂತು. "ಬಂದ್ ಮಾಡೋ ಅದನ್ನ. ತತ್ತ್ವಪದಕ್ಕ ಹಿಂಗ ಬಡೀತಾರೇನು?" ಎಂದೆ. ಅವ್ವ ಮಾತಾಡಲಿಲ್ಲ. ತೊಡೆಯ ಮೇಲೆ ಬುತ್ತಿ ಡಬ್ಬಿ ಇತ್ತು. ಅದರ ಮುಚ್ಚಳದ ಮೇಲೆ ಆಕೆಯ ಎರಡು ಬೆರಳು ತಾಳ ಹಾಕುತ್ತಿದ್ದವು. ಹಾಡು ಮುಗಿದ ಮೇಲೆ, "ಯಾಂವಾ ಇಂವಾ? ಇನ್ನೊಮ್ಮೆ ಹಚ್ಚಪಾ" ಅಂದಳು. ಕೃಷ್ಣೆಯ ಸೇತುವೆ ದಾಟಿ, ಕಾಗವಾಡ ದಾಟಿ, ಅಥಣಿ ಮುಟ್ಟುವವರೆಗೆ ಅದೇ ಹಾಡು ನಾಲ್ಕು ಸಲ ಆಯಿತು.

ಅವ್ವನಿಗೂ ಆ ಹಾಡಿಗೂ ಇದ್ದ ನಂಟನ್ನು ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ತಿಳಿಯುವುದಿಲ್ಲ. ನನ್ನ ತಾಯಿಯ ತಂದೆ ಭಜನಿ ಮೇಳದವರು. ಅಮಾವಾಸ್ಯೆಗೊಮ್ಮೆ ಗುಡಿಯ ಕಟ್ಟೆಯ ಮೇಲೆ ಏಕತಾರಿ, ದಮ್ಮಡಿ, ತಾಳ. ಒಬ್ಬರು ಒಂದು ನುಡಿ ಎತ್ತಿಕೊಡುವುದು, ಉಳಿದವರು ಅದನ್ನೇ ತಿರುಗಿಸಿ ಹೇಳುವುದು, ಕೊನೆಕೊನೆಗೆ ಜೋರಾಗಿ ತಾಳ ಏರಿಸುವುದು. ಹೆಣ್ಣುಮಕ್ಕಳು ಕತ್ತಲಲ್ಲಿ, ಕಟ್ಟೆಯಿಂದ ದೂರ ಕೂತು ಕೇಳಬೇಕು. ಕೇಳಿ ಕೇಳಿಯೇ ಅವ್ವನಿಗೆ ಎಲ್ಲ ಬಾಯಿಪಾಠ. ಮದುವೆಯಾಗಿ ನಿಪ್ಪಾಣಿಗೆ ಬಂದಳು. ನಿಪ್ಪಾಣಿ ಎಂದರೆ ತಂಬಾಕು. ಅಪ್ಪನ ಗಳಿಕೆ ಸಾಲದೆ ಅವ್ವ ಒಂದು ತಂಬಾಕಿನ ವಖಾರಿಗೆ ಕೆಲಸಕ್ಕೆ ಹೋದಳು. ಮೂಗಿಗೆ ಸೆರಗು ಕಟ್ಟಿಕೊಂಡು ಸಾಲಾಗಿ ಕೂತು, ಪುಡಿ ಜರಡಿ ಹಿಡಿಯುವ ಕೆಲಸ. ಸುತ್ತ ಹೆಚ್ಚಿನವರು ಮರಾಠಿ ಹೆಂಗಸರು. ಅಲ್ಲಿ ಒಂದು ದಿನ ಅವ್ವ ಗುಡುಗುಡಿಯ ಹಾಡು ಎತ್ತಿದಳಂತೆ. ಗುಡುಗುಡಿ ಎಂದರೆ ಮರಾಠಿಯಲ್ಲೂ ಗುಡಗುಡಿಯೇ, ಹುಕ್ಕಾವೇ. ತಂಬಾಕಿನ ಘಾಟಿನಲ್ಲಿ ಕೂತು ಹುಕ್ಕಾ ಸೇದುವ ಹಾಡು! ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಹಿಂದೆ ಹೇಳಿದರು. ಮೇಲ್ವಿಚಾರಕ ಬಂದು ಬೈದ. ಯಾರೋ ಹೋಗಿ ಮನೆಗೂ ಮುಟ್ಟಿಸಿದರು. "ಗರತಿ ಹೆಂಗಸು ಹುಕ್ಕಾದ ಹಾಡು ಹಾಡ್ತಾಳೇನು?" ಎಂದು ಅಜ್ಜ ಕೂಗಾಡಿದ್ದನ್ನು ನಾನೇ ಕೇಳಿದ್ದೇನೆ. ಆಗ ನನಗೆ ಏಳೋ ಎಂಟೋ ವರ್ಷ. ಅವ್ವ ಮತ್ತೆ ನಾಲ್ಕು ಜನರ ಎದುರು ಹಾಡಲಿಲ್ಲ. ವರ್ಷಗಟ್ಟಲೆ ಕುಡಿದ ಧೂಳಿಗೆ ಕೆಮ್ಮು ಗಟ್ಟಿಯಾಯಿತು, ದನಿ ಒಡೆಯಿತು. ಆಕೆಯಂಥ ಹೆಂಗಸರ ಕತೆ ಬೇರೆಯದೇ ಇದೆ. ನಿಪ್ಪಾಣಿಯ ತಂಬಾಕು ಕೆಲಸದ ಹೆಂಗಸರ ಮುಷ್ಕರವನ್ನು ಕುರಿತು 1982ರಲ್ಲಿ ಯುಗಾಂತರ ಎಂಬ ಮಹಿಳೆಯರ ತಂಡ ಚಿತ್ರವನ್ನೇ ತೆಗೆಯಿತು. ಅದನ್ನು ಇನ್ನೊಮ್ಮೆ ಬರೆದೇನು.

ಶರೀಫರಿಗೆ ಗುಡುಗುಡಿ ಒಂದು ನೆವ ಮಾತ್ರ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಆ ಪುಣ್ಯಾತ್ಮ, ಈಗ ಹಾವೇರಿ ಜಿಲ್ಲೆಗೆ ಸೇರಿದ ಶಿಶುನಾಳದವರು. ಮುಸಲ್ಮಾನರ ಮನೆಯ ಮಗ, ಕಳಸದ ಗೋವಿಂದ ಭಟ್ಟರ ಶಿಷ್ಯ. ಕಣ್ಣಿಗೆ ಬಿದ್ದದ್ದೆಲ್ಲ ಅವರಿಗೆ ಹಾಡು. ಹುಕ್ಕಾ ನೋಡಿದರೆ ಮೈಯೊಳಗಿನ ಉಸಿರಾಟ ಕಂಡಿತು, ಸೋರುವ ಮಾಳಿಗೆ ನೋಡಿದರೆ ಅಜ್ಞಾನ ಕಂಡಿತು. ರಾಯಬಾಗದ ನಮ್ಮ ತಂಗಿಯ ಮನೆಯೂ ಮೊದಲು ಮಣ್ಣಿನ ಮಾಳಿಗೆಯದೇ. ಮಳೆಗಾಲದಲ್ಲಿ ನಡುಮನೆಯ ತುಂಬ ತಪ್ಪೇಲಿ, ಚರಿಗೆ ಇಟ್ಟು ಮಲಗಿದವರಿಗೆ ಆ ಹಾಡಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಭಜನಿ ಕಟ್ಟೆಯಿಂದ ಈ ಹಾಡುಗಳನ್ನು ನಾಡಿಗೆಲ್ಲ ಮುಟ್ಟಿಸಿದವರಲ್ಲಿ ಸಿ. ಅಶ್ವತ್ಥ್ ಅವರದು ದೊಡ್ಡ ಪಾಲು. 1990ರಲ್ಲಿ ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂತು. ಅದರ ಸಂಗೀತ ಅಶ್ವತ್ಥರದು. ಕ್ಯಾಸೆಟ್ಟುಗಳು ಮನೆಮನೆಗೆ ಬಂದವು. ಅವ್ವ ಆ ಕ್ಯಾಸೆಟ್ಟು ಕೇಳಿ, "ಛಂದ ಹಾಡ್ಯಾನ, ಆದ್ರ ನಮ್ಮ ಧಾಟಿ ಅಲ್ಲ" ಅಂದಿದ್ದಳು. ಹಾಗಾದರೆ ಕಾರಿನಲ್ಲಿ ಕೇಳಿದ್ದು ನಮ್ಮ ಧಾಟಿಯೇ? ಅದೂ ಅಲ್ಲ. ಮತ್ತೇಕೆ ಬೆರಳು ತಾಳ ಹಾಕಿದವು? ಮದುವೆ ಮುಗಿಸಿ ಬಂದ ಮೇಲೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ತಂಗಿಯ ಮಗನ ಬೆನ್ನು ಬಿದ್ದೆ. ಅವನು ತಿಳಿಸಿದ್ದು ಸ್ವಲ್ಪ, ನಾನು ಓದಿ ಹುಡುಕಿದ್ದು ಹೆಚ್ಚು.

ಹಾಡಿದವನು ರಘು ದೀಕ್ಷಿತ್. ಹುಟ್ಟಿದ್ದು 1974ರಲ್ಲಿ ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಕಲಿತದ್ದು ಭರತನಾಟ್ಯ. ಗಂಡುಹುಡುಗ ಗೆಜ್ಜೆ ಕಟ್ಟುತ್ತಾನೆ ಎಂದು ಕಾಲೇಜಿನಲ್ಲಿ ಸಹಪಾಠಿ ಅಣಕಿಸಿದ, ಗಿಟಾರು ನುಡಿಸುತ್ತೀಯಾ ಎಂದು ಸವಾಲು ಹಾಕಿದ. ಆ ಹಟಕ್ಕೆ ಗಿಟಾರು ಕೈಗೆ ಬಂತು. ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಅದರಲ್ಲಿ ಚಿನ್ನದ ಪದಕ. 90ರ ದಶಕದ ಕೊನೆಗೆ ಪಿಟೀಲಿನ ಎಚ್. ಎನ್. ಭಾಸ್ಕರ್ ಜತೆ 'ಅಂತರಾಗ್ನಿ' ಎಂಬ ತಂಡ ಕಟ್ಟಿದ. ನಡುವೆ ನೌಕರಿಗೆಂದು ಬೆಲ್ಜಿಯಮ್ಮಿಗೆ ಹೋದ. ಅಲ್ಲಿ ಇವನ ಹಾಡು ಕೇಳಿದವರು ರೇಡಿಯೋ ಕೇಂದ್ರಕ್ಕೆ ಕರೆದೊಯ್ದರು. ಪರದೇಶದ ರೇಡಿಯೋದಲ್ಲಿ ತನ್ನ ದನಿ ಕೇಳಿದ್ದೇ ನೌಕರಿ ಬಿಟ್ಟು ತಿರುಗಿ ಬಂದ. (ಮಗ ಹೀಗೆ ಕೆಲಸ ಬಿಟ್ಟು ಬಂದರೆ ತಾಯಿಯ ಹೊಟ್ಟೆಯಲ್ಲಿ ಏನಾಗುತ್ತದೆಂದು ನಮಗೆ ಗೊತ್ತು.)

ಮುಂದೆ ಅಂತರಾಗ್ನಿ ಚದುರಿತು. ಇನ್ನು ಮೇಲೆ ಬರುವವರು ಬರಲಿ, ಹೋಗುವವರು ಹೋಗಲಿ ಎಂದು ಬಾಗಿಲು ತೆರೆದಿಟ್ಟಂತೆ 'ರಘು ದೀಕ್ಷಿತ್ ಪ್ರಾಜೆಕ್ಟ್' ಎಂದು ಹೆಸರಿಟ್ಟ. ಗೌರವ್ ವಾಜ್ ಬೇಸ್ ಗಿಟಾರು ಹಿಡಿದ. ವರ್ಷಗಟ್ಟಲೆ ಯಾವ ಕ್ಯಾಸೆಟ್ ಕಂಪನಿಯೂ ಇವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ಹಿಂದಿ ಚಿತ್ರಗಳ ಸಂಗೀತ ಜೋಡಿ ವಿಶಾಲ್-ಶೇಖರ್ ಮುಂಬೈಯಲ್ಲಿ ಇವರನ್ನು ಕೇಳಿ, 2008ರಲ್ಲಿ ತಮ್ಮದೇ ಸಂಸ್ಥೆಯಿಂದ ಆಲ್ಬಂ ಹೊರತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದ ಇದ್ದವು. ಒಂದು ಗುಡುಗುಡಿ, ಇನ್ನೊಂದು ಸೋರುವ ಮಾಳಿಗೆ. ನಮ್ಮ ಕಾರಿನಲ್ಲಿ ತಿರುಗಿದ್ದು ಅದೇ ಸಿ.ಡಿ.

ಆಮೇಲಿನದೆಲ್ಲ ಬೇಗ ಬೇಗ ಆಯಿತು. 2010ರ ಕೊನೆಗೆ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡರ ಹೆಸರಾಂತ ಕಾರ್ಯಕ್ರಮ. ಅದಾದ ಮೇಲೆ ಆ ದೇಶದ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಇವರ ಆಲ್ಬಂ ಮೊದಲ ಸ್ಥಾನಕ್ಕೆ ಏರಿತು. 2011ರಲ್ಲಿ ಗ್ಲಾಸ್ಟನ್‌ಬರಿ ಎಂಬ ದೊಡ್ಡ ಬಯಲುಜಾತ್ರೆ, ಅದೇ ವರ್ಷ 'ಸಾಂಗ್‌ಲೈನ್ಸ್' ಪತ್ರಿಕೆಯಿಂದ ಹೊಸ ಕಲಾವಿದರಿಗೆ ಕೊಡುವ ಪ್ರಶಸ್ತಿ. ವೇದಿಕೆಗೆ ಬರುವಾಗ ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ. ಯಾವ ಗೆಜ್ಜೆಗಾಗಿ ಅಣಕಿಸಿಕೊಂಡನೋ ಅದೇ ಗೆಜ್ಜೆ. ಕನ್ನಡದ ಒಂದಕ್ಷರ ತಿಳಿಯದ ಬಿಳಿಯ ಜನ ಕುಣಿಯುವುದನ್ನು ತಂಗಿಯ ಮಗ ಕಂಪ್ಯೂಟರಿನಲ್ಲಿ ತೋರಿಸಿದ. ಅವ್ವ ನೋಡಿದಳು. "ಅವರಿಗೂ ಯಾರರೆ ಹಾಡಬ್ಯಾಡ್ರಿ ಅಂದಿದ್ರೇನೋ" ಅಂದಳು, ಅಷ್ಟೇ.

ಹಳೆಯ ಹಾಡಿಗೆ ಹೊಸ ವಾದ್ಯ ಕಟ್ಟುವುದು ಅಲ್ಲಿಯವರಿಗೆ ಹೊಸದೇನೂ ಆಗಿರಲಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ 60ರ ದಶಕದ ನಡುವೆ 'ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್' ಎಂಬ ತಂಡ ಹುಟ್ಟಿತ್ತು. ರಾಬಿನ್ ವಿಲಿಯಮ್ಸನ್, ಮೈಕ್ ಹೆರಾನ್ ಅದರ ಮುಖ್ಯರು. 1966ರಲ್ಲಿ ಮೊದಲ ಧ್ವನಿಮುದ್ರಿಕೆ. ತಮ್ಮ ಹಳ್ಳಿಯ ಧಾಟಿಗಳಿಗೆ ದೇಶದೇಶದ ವಾದ್ಯ ಸೇರಿಸಿದರು, ನಮ್ಮ ಸಿತಾರನ್ನೂ ಬಿಡಲಿಲ್ಲ. ಸಿತಾರು ಅಂದರೆ ನಮಗೆ ಮಿರಜ. ಕಾಗವಾಡದಿಂದ ಗಡಿ ದಾಟಿದರೆ ಸಿಗುವ ಆ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಕುಂಬಳದ ಬುರುಡೆ ಒಣಗಿಸಿ ಸಿತಾರು, ತಂಬೂರಿ ಮಾಡುವ ಮನೆತನಗಳಿವೆ. ನಾವು ಅದೇ ಬೀದಿಗಳಲ್ಲಿ ಓಡಾಡಿ, ದವಾಖಾನೆಗೆ ಹೋಗಿ ಬಂದವರು, ಒಳಗೆ ಇಣುಕಿ ನೋಡಿದವರಲ್ಲ. ಆ ಸ್ಕಾಟಿಷ್ ತಂಡದಲ್ಲಿ ನನಗೆ ಹಿಡಿಸಿದವಳು ರೋಸ್ ಸಿಂಪ್ಸನ್. ತಂಡ ಸೇರಿದ ಮೇಲೆ ಬೇಸ್ ಗಿಟಾರು ಕಲಿತು ವೇದಿಕೆ ಏರಿದ ಹುಡುಗಿ, 1969ರ ಅಮೆರಿಕದ ವುಡ್‌ಸ್ಟಾಕ್ ಜಾತ್ರೆಯಲ್ಲೂ ನುಡಿಸಿದಳು. 1974ರಲ್ಲಿ ತಂಡ ಒಡೆಯಿತು. ರೋಸ್ ಮುಂದೆ ವೇಲ್ಸಿನ ಅಬೆರಿಸ್ಟ್‌ವಿತ್ ಊರಿನ ಮೇಯರ್ ಪಕ್ಕದಲ್ಲಿ ಊರ ಗೌರವಸ್ಥ ಹೆಂಗಸಾಗಿ ಕೂತಳು! ವಾದ್ಯ ಹಿಡಿದ ಹೆಣ್ಣಿಗೆ ಅಲ್ಲಿಯೂ ದಾರಿ ಸಸಾರವಿರಲಿಲ್ಲ ಎನ್ನಿ, ಆದರೆ ಕಟ್ಟೆಯ ಮೇಲೆ ಕೂಡಲು ಜಾಗವಿತ್ತು.

ನನ್ನ ಸಿಟ್ಟಿನ ಬೇರು ಇಲ್ಲಿದೆ ಎಂದು ನಿಧಾನಕ್ಕೆ ತಿಳಿಯಿತು. ಗಿಟಾರಿನ ಮೇಲಿನ ಸಿಟ್ಟಲ್ಲ ಅದು. ಲುಂಗಿ ಉಟ್ಟ ಹುಡುಗ ಲಂಡನ್ನಿನಲ್ಲಿ ಹಾಡಿ ಚಪ್ಪಾಳೆ ಹೊಡೆಸಿಕೊಂಡ ಹಾಡಿಗೇ ನಮ್ಮವ್ವ ಬೈಸಿಕೊಂಡಿದ್ದಳಲ್ಲ! ಆದರೆ ಅವ್ವನಿಗೆ ಆ ಲೆಕ್ಕವೇ ಇರಲಿಲ್ಲ. ಮೇಳದಲ್ಲಿ ಕೊನೆಗೆ ತಾಳ ಏರುತ್ತಿತ್ತಲ್ಲ, ಆ ಏರು ಆಕೆಗೆ ಡ್ರಮ್ಮಿನಲ್ಲಿ ಸಿಕ್ಕಿತ್ತು. ಅಶ್ವತ್ಥರ ಹಾಡು ಕೂತು ಕೇಳುವಂಥದು. ಈ ಹುಡುಗರದು ಎದ್ದು ಸೇರಿಕೊಳ್ಳಿ ಎನ್ನುವಂಥದು. ಧಾಟಿ ಬೇರೆಯಾದರೂ ಕಟ್ಟೆ ಅದೇ ಎಂದು ಆಕೆಗೆ ಅನ್ನಿಸಿರಬೇಕು.

2012ರಲ್ಲಿ ಅವ್ವ ಹೋದಳು. ಮರುವರ್ಷ ಅದೇ ತಂಡದ ಎರಡನೆಯ ಆಲ್ಬಂ 'ಜಗ್ ಚಂಗಾ' ಬಂತು. ಅದರಲ್ಲೂ ಶರೀಫರ ಪದಗಳು, ಕೋಳಿ ಕೋಡಗವನ್ನು ನುಂಗುವ ಒಗಟಿನ ಹಾಡು ಕೂಡ. ಕೇಳಿಸಲು ಆಕೆ ಇರಲಿಲ್ಲ.

ಇನ್ನೊಂದು ಮಾತು ಬರೆಯದೆ ಮುಂದೆ ಹೋಗುವುದು ಸರಿಯಲ್ಲ. 2018ರ ಅಕ್ಟೋಬರಿನಲ್ಲಿ ಹೆಣ್ಣುಮಕ್ಕಳು ತಮಗಾದ ಕಹಿಯನ್ನು ಬಹಿರಂಗವಾಗಿ ಹೇಳತೊಡಗಿದಾಗ, ಹೆಸರು ಹೇಳದ ಒಬ್ಬ ಗಾಯಕಿಯ ಅನುಭವವನ್ನು ಇನ್ನೊಬ್ಬ ಗಾಯಕಿ ಪ್ರಕಟಿಸಿದರು. ಅದು ತನ್ನ ಬಗ್ಗೆಯೇ ಎಂದು ರಘು ದೀಕ್ಷಿತ್ ಒಪ್ಪಿ ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಓದಿದ ದಿನ ನಾನು ಆ ಸಿ.ಡಿ.ಯನ್ನು ಕಪಾಟಿನೊಳಗೆ ಇಟ್ಟುಬಿಟ್ಟೆ. ತಿಂಗಳುಗಟ್ಟಲೆ ತೆಗೆಯಲಿಲ್ಲ. ಅವ್ವನ ಬೆರಳ ತಾಳ ಅದರೊಳಗೆ ಸಿಕ್ಕಿಕೊಂಡಿತ್ತು, ಹೊರಗೆ ತರುವುದು ಹೇಗೆಂದು ತಿಳಿಯಲಿಲ್ಲ. ಕ್ಷಮಿಸುವುದು, ಬಿಡುವುದು ಆ ಹೆಣ್ಣುಮಗಳಿಗೆ ಬಿಟ್ಟದ್ದು, ನನಗಲ್ಲ. ಹಾಡು ಮಾತ್ರ ಆತನದಲ್ಲ. ಆತನಿಗಿಂತ ನೂರು ವರ್ಷ ಹಿಂದೆಯೇ ಅದು ಏಕತಾರಿಯ ಜತೆ ಹೊರಟದ್ದು. ವಖಾರಿಯ ಹೆಂಗಸರ ಬಾಯಲ್ಲೂ ಒಂದು ಮಧ್ಯಾಹ್ನ ಇದ್ದು ಬಂದದ್ದು.

ಈಗ ಸಿ.ಡಿ. ಇಲ್ಲದೆಯೇ ಹಾಡುತ್ತೇವೆ. ನಮ್ಮ ಓಣಿಯಲ್ಲಿ ಏಳೆಂಟು ಹೆಂಗಸರು ಸೋಮವಾರ ಸಂಜೆ ಸೇರುತ್ತೇವೆ. ಸೊಸೆ ಕೊಲ್ಲಾಪುರದ ಕಡೆಯವಳು, ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಗುಡುಗುಡಿಯ ಪದವನ್ನು ನನ್ನ ಬಾಯಿಂದ ಕೇಳಿ ದೇವನಾಗರಿಯಲ್ಲಿ ಬರೆದುಕೊಂಡಿದ್ದಾಳೆ. ಆದರೆ ಧಾಟಿ ಕಲಿತದ್ದು ಮೊಬೈಲಿನಿಂದ. ಆಕೆ ಆ ಬ್ಯಾಂಡಿನ ಓಟದಲ್ಲಿ ಹೋಗುತ್ತಾಳೆ, ನಾನು ಅವ್ವನ ನಡಿಗೆಯಲ್ಲಿ. ಎರಡನೆಯ ನುಡಿಗೆ ಬರುವಷ್ಟರಲ್ಲಿ ಆಕೆ ಮುಂದೆ, ನಾನು ಹಿಂದೆ, ನಡುವೆ ತಾಳ ಹಿಡಿದವರು ಕಂಗಾಲು. "ಅತ್ತಿ, ಸ್ವಲ್ಪ ಜೋರ ಬರ್ರಿ" ಎನ್ನುತ್ತಾಳೆ. "ನೀ ಸ್ವಲ್ಪ ನಿಂದರವಾ" ಎನ್ನುತ್ತೇನೆ. ಎಲ್ಲರೂ ನಗುತ್ತಾರೆ. ಮತ್ತೆ ಮೊದಲನೆಯ ನುಡಿಯಿಂದ ಎತ್ತಿಕೊಳ್ಳುತ್ತೇವೆ.