ಬೂಸಾ ಅಂದ್ರೆ ಸಿಟ್ಟೇಕೆ?

ನಮ್ಮ ಭೀಮನಬೀಡಿನಲ್ಲಿ ಬೂಸಾ ಬೈಗುಳವಲ್ಲ. ಕಲಗಚ್ಚಿಗೆ ಎರಡು ಹಿಡಿ ಬೂಸಾ ಬೆರೆಸಿಟ್ಟರೆ ಹಸು ಹಾಲು ಕೊಡುತ್ತೆ. ಅದೇ ಪದ ಒಬ್ಬ ಮಂತ್ರಿಯ ಕುರ್ಚಿ ಕಿತ್ತುಕೊಂಡ ಕಥೆ ಗೊತ್ತಾ?

1973ರ ನವೆಂಬರ್. ನಮ್ಮೂರು ಆಗ ಮೈಸೂರು ಜಿಲ್ಲೆಗೆ ಸೇರಿತ್ತು. ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂದು ಇನ್ನೂ ತಿಂಗಳಾಗಿರಲಿಲ್ಲ. ಮೈಸೂರಿನ ಸಭೆಯೊಂದರಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂತ ಚುಚ್ಚಿದರು. ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಿದವರು ಇವರೇ. ದಲಿತರ ಬದುಕು ಈ ಸಾಹಿತ್ಯದಲ್ಲಿ ಎಲ್ಲಿದೆ ಅನ್ನೋದು ಆ ಮಾತಿನೊಳಗಿದ್ದ ಪ್ರಶ್ನೆ. ಜನ ಪ್ರಶ್ನೆ ಬಿಟ್ಟು ಪದ ಹಿಡಿದರು. ಗಲಾಟೆ ಹಬ್ಬಿತು. ಕುವೆಂಪು ಪರವಾಗಿ ನಿಂತರೂ ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು.

ನನ್ನನ್ನು ಹೆಚ್ಚು ಕಾಡೋದು ಕುರ್ಚಿಯಲ್ಲ. ಆ ಮಾತನ್ನೇ ಆಡದ ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರಲ್ಲ, ಅದು.

ಬೂಸಾ ಮಾತಿಗೆ ನಿಜವಾದ ಉತ್ತರ ಪುಸ್ತಕಗಳಿಂದ ಬಂತು. 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು', ಆಮೇಲೆ ನಮ್ಮ ಪಕ್ಕದ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವರ 'ಕುಸುಮಬಾಲೆ'...

ನೋವಾದರೆ ಬೈಯಲಿ, ಬರೆಯಲಿ. ಕೈ ಎತ್ತಬಾರದು. ನಾನು ಗೆರೆ ಎಳೆಯೋದು ಅಲ್ಲಿ. ನೀವೇನಂತೀರಿ?