ಕಸುಬು ಕಲಿಸುವ ಮನೆಗಳು ಮತ್ತು ಅನುದಾನದ ಹಾದಿ

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ಕಟ್ಟಡದ ಚರಿತ್ರೆಯನ್ನೂ ಇಲ್ಲಿ ಸೇವೆ ಸಲ್ಲಿಸಿದ ಗುರುವರ್ಯರ ಪಟ್ಟಿಯನ್ನೂ ನಮಗಿಂತ ಬಲ್ಲವರಿಗೆ ಬಿಟ್ಟು ನಾವು ಬೇರೊಂದು ವಿಷಯವನ್ನು ಆರಿಸಿಕೊಂಡೆವು. ಶಾಲೆ, ಆಸ್ಪತ್ರೆ, ಅನಾಥಾಲಯಗಳ ಇತಿಹಾಸವನ್ನು ಇಂಥ ಸಂಚಿಕೆಗಳು ಹೇರಳವಾಗಿ ಹೇಳಿವೆ. ಆದರೆ ದೇವಾಲಯದ ಹಿಂಬದಿಯಲ್ಲಿ, ಹೆಂಚಿನ ಮಾಡಿನ ಕೆಳಗೆ, ನಾಲ್ಕಾರು ವೈಸುಗಳನ್ನೂ ಒಂದು ಹಳೆಯ ಲೇತನ್ನೂ ಇಟ್ಟುಕೊಂಡು ಬಡಮಕ್ಕಳಿಗೆ ಕೈಕಸುಬು ಕಲಿಸಿದ ಮನೆಗಳ ವಿಷಯವನ್ನು ಬರೆದವರು ಕಡಿಮೆ. ನಾವು ಬಲ್ಲ ಅಂಥ ಮನೆಗಳಲ್ಲಿ ಕೆಲವು ಮುಚ್ಚಿಹೋಗಿವೆ. ಏಕೆಂದು ಕೇಳಿದರೆ “ಮಕ್ಕಳು ಬರುವುದಿಲ್ಲ ಫಾದರ್” ಎಂಬ ಸಿದ್ಧ ಉತ್ತರ ದೊರೆಯುತ್ತದೆ. ಅದು ಅರ್ಧ ಸತ್ಯ. ಉಳಿದ ಅರ್ಧವು, ಕಸುಬಿನ ಶಿಕ್ಷಣಕ್ಕೆಂದು ಮೀಸಲಾದ ಹಣ ಕಾಲಕಾಲಕ್ಕೆ ಯಾವ ಹಾದಿಯಲ್ಲಿ ಹರಿಯಿತು, ಯಾವ ಮನೆಯ ಬಾಗಿಲನ್ನು ದಾಟಿ ಮುಂದೆ ಹೋಯಿತು ಎಂಬುದರಲ್ಲಿದೆ.

ಮೊದಲು ಒಂದು ಕರಾರುಪತ್ರದ ಸಂಗತಿಯನ್ನು ಹೇಳಬೇಕು. 1852ರ ಫೆಬ್ರವರಿ 8ರಂದು ಇಟಲಿಯ ಟ್ಯೂರಿನ್ ನಗರದಲ್ಲಿ, ಛಾಪಾ ಕಾಗದದ ಮೇಲೆ, ಒಬ್ಬ ಬಡಗಿ ಯಜಮಾನನಿಗೂ ಅವನ ಬಳಿ ಕೆಲಸ ಕಲಿಯಬಂದ ಹುಡುಗನಿಗೂ ನಡುವೆ ಒಡಂಬಡಿಕೆಯಾಯಿತು. ಕಲಿಕೆ ಮುಂದುವರಿದಂತೆ ಕೂಲಿ ಏರಬೇಕು, ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು, ತಪ್ಪು ಮಾಡಿದರೆ ಮಾತಿನಿಂದ ತಿದ್ದಬೇಕೇ ಹೊರತು ಕೈಯೆತ್ತಬಾರದು ಎಂದು ಅದರಲ್ಲಿ ಬರೆದಿತ್ತು. ಯಜಮಾನನೂ ಹುಡುಗನ ಕಡೆಯವರೂ ಒಪ್ಪಿದ ಆ ಪತ್ರಕ್ಕೆ ಇನ್ನೊಂದು ಸಹಿಯೂ ಇತ್ತು. ಅದು ಸಂತ ಜೋನ್ ಬೋಸ್ಕೊರವರದು. ಹುಡುಗನಿಗೆ ಆಶ್ರಯವಿತ್ತ ಮನೆಯು ಯಜಮಾನನಿಗೂ ಜವಾಬು ಹೇಳುತ್ತದೆ, ಹುಡುಗನಿಗೂ ಜವಾಬು ಹೇಳುತ್ತದೆ ಎಂಬುದೇ ಆ ಸಹಿಯ ಅರ್ಥ. ಮರುವರ್ಷ ಅವರು ತಮ್ಮ ಮನೆಯಲ್ಲಿಯೇ ಚಮ್ಮಾರಿಕೆ ಮತ್ತು ಹೊಲಿಗೆಯ ಕಾರ್ಯಾಗಾರಗಳನ್ನು ತೆರೆದರು. ಗುರುಮಠದಲ್ಲಿ ಈ ಪತ್ರದ ಕಥೆಯನ್ನು ಕೇಳಿದಾಗ ನಾವು ಅದನ್ನು ಒಬ್ಬ ಸಂತರ ಕರುಣೆಯ ನಿದರ್ಶನವೆಂದು ಮಾತ್ರ ಎಣಿಸಿದ್ದೆವು. ಆ ಸಹಿಯ ಖರ್ಚನ್ನು ಯಾರು ಭರಿಸಬೇಕೆಂಬ ಪ್ರಶ್ನೆಯು ನಮಗೆ ಹೊಳೆದದ್ದು ಬಹಳ ತಡವಾಗಿ.

ನಮ್ಮ ದೇಶದಲ್ಲಿ ಈ ವಿಷಯದ ಮೊದಲ ಕಾನೂನು ಅದಕ್ಕಿಂತಲೂ ಎರಡು ವರ್ಷ ಹಿಂದಿನದು. 1850ರ 19ನೆಯ ಅಧಿನಿಯಮವು ಮಕ್ಕಳನ್ನು, ವಿಶೇಷವಾಗಿ ಅನಾಥರನ್ನೂ ಧರ್ಮಾರ್ಥವಾಗಿ ಸಾಕಲ್ಪಟ್ಟ ಬಡಮಕ್ಕಳನ್ನೂ, ಕಸುಬು ಕಲಿಯಲು ಯಜಮಾನನೊಬ್ಬನಿಗೆ ಒಪ್ಪಿಸಲು ಅವಕಾಶ ಮಾಡಿಕೊಟ್ಟಿತು. ಹತ್ತು ವರ್ಷ ದಾಟಿ ಹದಿನೆಂಟು ತುಂಬದ ಮಗುವನ್ನು ಏಳು ವರ್ಷಗಳ ತನಕ ಹೀಗೆ ಕಟ್ಟುಪಾಡಿಗೆ ಒಳಪಡಿಸಬಹುದಾಗಿತ್ತು. ಸರ್ಕಾರಿ ಕನ್ನಡದಲ್ಲಿ ಇಂಥ ಕಲಿಯುವವನಿಗೆ ‘ಶಿಶಿಕ್ಷು’ ಎಂಬ, ನಾಲಗೆ ತಡವರಿಸುವ ಹೆಸರುಂಟು. ನಾವು ಜನರ ಬಾಯಲ್ಲಿರುವ ಅಪ್ರೆಂಟಿಸ್ ಎಂಬ ಮಾತನ್ನೇ ಬಳಸುತ್ತೇವೆ.

ಕರಾವಳಿಯಲ್ಲಿ ಆಗ ಕಸುಬಿನ ಶಿಕ್ಷಣವನ್ನು ನಡೆಸಿದವರು ಹೆಚ್ಚಾಗಿ ಮಿಶನರಿಗಳು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಸಂಸ್ಥೆಯವರು ನೇಯ್ಗೆ, ಮುದ್ರಣ, ಹೆಂಚಿನ ಉದ್ಯಮಗಳನ್ನು ಕಟ್ಟಿದರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಿಂದಲೇ ಮಂಗಳೂರು ಹೆಂಚು ಜಗತ್ಪ್ರಸಿದ್ಧವಾದುದು. 1878ರ ಕೊನೆಯ ದಿನ ಮಂಗಳೂರಿಗೆ ಕಾಲಿಟ್ಟ ಯೇಸುಸಭೆಯ ಗುರುಗಳೂ ಹಿಂದುಳಿಯಲಿಲ್ಲ. ಕೊಡಿಯಾಲಬೈಲಿನ ಮುದ್ರಣಾಲಯ, ಜೆಪ್ಪುವಿನ ಸಂತ ಜೋಸೆಫರ ಆಶ್ರಮದ ಕಾರ್ಯಾಗಾರ ಇವೆಲ್ಲ ಅವರ ಶ್ರಮದ ಫಲ. ಬಾಸೆಲಿನವರು ನಮ್ಮ ಸಭೆಗೆ ಸೇರಿದವರಲ್ಲ. ಆದರೂ ಅವರ ಕಥೆಯ ಕೊನೆಯನ್ನು ಇಲ್ಲಿ ಮರೆಯುವಂತಿಲ್ಲ. 1914ರಲ್ಲಿ ಮಹಾಯುದ್ಧ ಆರಂಭವಾಗಲು, ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾದರು, ಉದ್ಯಮಗಳು ಅವರ ಕೈತಪ್ಪಿ ಕಾಲಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಕಲಿಸುತ್ತಿದ್ದ ಕೈಗಳಲ್ಲಿ ದೋಷವಿರಲಿಲ್ಲ, ಕಲಿಯುವವರೂ ಇದ್ದರು. ಆದರೆ ದೂರದ ಕಚೇರಿಯೊಂದರಲ್ಲಿ ಬರೆದ ಆಜ್ಞೆಯೊಂದು ಎಂಬತ್ತು ವರ್ಷಗಳ ದುಡಿಮೆಯ ಒಡೆತನವನ್ನೇ ಬದಲಿಸಿತು.

ಸ್ವಾತಂತ್ರ್ಯಾನಂತರ ಸರ್ಕಾರವೇ ಈ ಕ್ಷೇತ್ರಕ್ಕೆ ಇಳಿಯಿತು. ಯುದ್ಧದಿಂದ ಮರಳಿದ ಸೈನಿಕರಿಗೆ ಕೆಲಸ ಕಲಿಸಲು 1945ರಲ್ಲಿ ಹುಟ್ಟಿದ ಇಲಾಖೆಯೇ ಬೆಳೆದು, 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆಯಾಯಿತು. ಇಂದಿನ ಐ.ಟಿ.ಐ.ಗಳ ಮೂಲ ಅದು. ಇಲ್ಲಿ ನಮ್ಮ ಜಿಲ್ಲೆಗೆ ಹೆಮ್ಮೆಯ ಒಂದು ಸಂಗತಿಯಿದೆ. ಈ ಸಂಘಟನೆಯನ್ನು ಪರಿಶೀಲಿಸಲು ನೇಮಕವಾದ ಸಮಿತಿಯ ಅಧ್ಯಕ್ಷರು, ಮಂಗಳೂರಿನಲ್ಲಿ ಹುಟ್ಟಿ ಪ್ರಥಮ ಲೋಕಸಭೆಗೆ ದಕ್ಷಿಣ ಕನ್ನಡದಿಂದಲೇ ಆಯ್ಕೆಯಾದ ಬೆನಗಲ್ ಶಿವರಾವ್. ದೈನಂದಿನ ಆಡಳಿತವು ರಾಜ್ಯಗಳ ಕೈಯಲ್ಲಿರಲಿ, ಮಟ್ಟ ಕಾಯುವ ಕೆಲಸವು ಕೇಂದ್ರದಲ್ಲಿರಲಿ ಎಂಬ ಧೋರಣೆ ಅವರ ಸಮಿತಿಯದು. ಅದರಂತೆ 1956ರಲ್ಲಿ ತರಬೇತಿ ಸಂಸ್ಥೆಗಳ ಆಡಳಿತವು ರಾಜ್ಯಗಳಿಗೆ ಹೋಯಿತು, ಅದೇ ವರ್ಷ ಮಟ್ಟ ಕಾಯುವ ರಾಷ್ಟ್ರೀಯ ಮಂಡಳಿಯೂ ರೂಪುಗೊಂಡಿತು. 1969ರ ಏಪ್ರಿಲ್ 1ರಿಂದ ಹಣಕಾಸಿನ ಹತೋಟಿಯೂ ರಾಜ್ಯಗಳದ್ದೇ ಆಯಿತು. ಪಠ್ಯಕ್ರಮವು ದೆಹಲಿಯದು, ಹಣವು ರಾಜ್ಯದ್ದು ಎಂಬ ಈ ಏರ್ಪಾಡಿನಲ್ಲಿ ತತ್ತ್ವತಃ ತಪ್ಪೇನೂ ಇಲ್ಲ. ಆದರೆ ದೆಹಲಿಯಲ್ಲಿ ಪಠ್ಯ ಬದಲಾದಾಗ ಯಂತ್ರಗಳ ಪಟ್ಟಿಯೂ ಬದಲಾಗುತ್ತದೆ. ಹೊಸ ಯಂತ್ರ ಕೊಳ್ಳಲು ರಾಜ್ಯದ ಬೊಕ್ಕಸ ತೆರೆಯುವ ತನಕ ಕಾಯುವ ಶಕ್ತಿ ಸರ್ಕಾರಿ ಸಂಸ್ಥೆಗಿದೆ. ಖಾಸಗಿ ಮನೆಯಾದರೆ ಆ ಬೊಕ್ಕಸವೂ ಇಲ್ಲ, ಕಾಯಲು ಕಾಲವೂ ಇಲ್ಲ.

1961ರ ಅಪ್ರೆಂಟಿಸರ ಅಧಿನಿಯಮವು ಹಳೆಯ 1850ರ ಕಾನೂನನ್ನು ಪಕ್ಕಕ್ಕೆ ಸರಿಸಿ, ನಿಗದಿತ ಉದ್ಯಮಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕೆಂದು ವಿಧಿಸಿತು. ಮೊದಲು ಮೂಲ ತರಬೇತಿ, ಬಳಿಕ ಕಾರ್ಖಾನೆಯಲ್ಲಿ ಕೆಲಸದೊಡನೆ ಕಲಿಕೆ. ಐ.ಟಿ.ಐ.ಯಲ್ಲಿ ಕಲಿತು ಬಂದವನಿಗೆ ಮೂಲ ತರಬೇತಿಯ ಅಗತ್ಯವಿಲ್ಲ, ಆ ಅವಧಿಯ ರಿಯಾಯಿತಿಯೂ ಉಂಟು. ವಾಚಕರು ಈ ಅಂಶವನ್ನು ಸ್ವಲ್ಪ ಗಮನಿಸಬೇಕು. ಕೈ ಪಳಗಿಸುವ ಖರ್ಚಿನ ಕಾಲವನ್ನು ತರಬೇತಿ ಮನೆ ಭರಿಸಿದೆ. ಪಳಗಿದ ಕೈ ಕಾರ್ಖಾನೆಗೆ ಸಿಕ್ಕಿದೆ. ಹುಡುಗನಿಗೆ ಕಾರ್ಖಾನೆಯು ಭತ್ಯೆ ಕೊಡುತ್ತದೆ, ಅದು ನ್ಯಾಯವೇ. ಆದರೆ ಕಾರ್ಖಾನೆಯಿಂದ ಮನೆಗೆ ಹಿಂದಿರುಗುವ ಹಾದಿಯಲ್ಲಿ ಒಂದು ಕಾಸೂ ಹರಿಯುವುದಿಲ್ಲ. ಟ್ಯೂರಿನ್ನಿನ ಪತ್ರದಲ್ಲಿದ್ದ ಮೂರನೆಯ ಸಹಿ ಈ ಕಾನೂನಿನ ಕರಾರಿನಲ್ಲಿಲ್ಲ.

ಇದನ್ನು ನಾವು ಪುಸ್ತಕದಿಂದ ತಿಳಿದವರಲ್ಲ. 1990ರ ದಶಕದಲ್ಲಿ, ಗುರುಪಟ್ಟವಾಗಿ ಹೆಚ್ಚು ವರ್ಷಗಳಾಗದಿದ್ದಾಗ, ಬೇರೊಂದು ಧರ್ಮಕೇಂದ್ರದಲ್ಲಿ ಇಂಥ ಒಂದು ತರಬೇತಿ ಕೇಂದ್ರದ ಆಡಳಿತವು ನಮ್ಮ ಹೆಗಲಿಗೆ ಬಿತ್ತು. ಗುರುಮಠದಲ್ಲಿ ನಮಗೆ ಸಂತ ತೋಮಾಸ್ ಅಕ್ವಿನಾಸರ ತತ್ತ್ವವನ್ನು ಕಲಿಸಿದ್ದರು, ಹಾಜರಿ ಪುಸ್ತಕ ಮತ್ತು ವೇತನ ಬಿಲ್ಲುಗಳನ್ನು ಬರೆಯುವುದನ್ನು ಕಲಿಸಿರಲಿಲ್ಲ. ಕಲಿಸಿದವರು ಅಲ್ಲಿನ ಫಿಟ್ಟರ್ ಮೇಷ್ಟ್ರು. ಹೊಸ ಹುಡುಗನ ಕೈಗೆ ಅರವನ್ನೂ ಒಂದು ತುಂಡು ಕಬ್ಬಿಣವನ್ನೂ ಕೊಟ್ಟು, ಅದರ ಮುಖ ಸಪಾಟಾಗುವ ತನಕ ವಾರಗಟ್ಟಲೆ ಉಜ್ಜಿಸುತ್ತಿದ್ದ ಮನುಷ್ಯ. ಸರ್ಕಾರದ ವೇತನಾನುದಾನವು ಮಂಜೂರಾಗಿತ್ತು ನಿಜ. ಆದರೆ ಅದು ಬರುತ್ತಿದ್ದುದು ತಿಂಗಳುಗಳು ಕಳೆದ ಮೇಲೆ, ಒಂದಲ್ಲ ಒಂದು ಆಕ್ಷೇಪಣೆಗೆ ಉತ್ತರ ಬರೆದ ಮೇಲೆ. ಅಲ್ಲಿಯವರೆಗೆ ದೇವಾಲಯದ ಕಾಣಿಕೆ ಹಣದಿಂದ ಕೈಗಡ. ಒಮ್ಮೆ ಮೇಷ್ಟ್ರು ನಗುತ್ತಲೇ ಅಂದರು: “ಕಬ್ಬಿಣ ನಯವಾಗೋದಕ್ಕೂ ಹೊತ್ತು ಬೇಕು ಫಾದರ್, ಸರ್ಕಾರದ ದುಡ್ಡು ಬರೋದಕ್ಕೂ ಹೊತ್ತು ಬೇಕು. ಮನೆಯವಳಿಗೆ ಮಾತ್ರ ತಿಂಗಳ ಒಂದನೇ ತಾರೀಖೇ ಬೇಕು.” ಅವರು ನಿವೃತ್ತರಾದರು. ಅವರ ಸ್ಥಾನವನ್ನು ತುಂಬಲು ಅನುಮತಿ ಬರಲಿಲ್ಲ. ಅನುದಾನವನ್ನು ಯಾರೂ ರದ್ದುಪಡಿಸಲಿಲ್ಲ, ಅನುದಾನ ಪಡೆಯುವವರು ಒಬ್ಬೊಬ್ಬರಾಗಿ ಇಲ್ಲವಾದರು ಅಷ್ಟೆ.

ಹಳೆಯ ವ್ಯವಸ್ಥೆಯನ್ನು ನಾವು ಹೊಗಳುತ್ತಿದ್ದೇವೆಂದು ಯಾರೂ ತಿಳಿಯಬಾರದು. ಅನುದಾನ ಖಚಿತವೆಂದಾದಾಗ ನಮ್ಮವರಲ್ಲಿಯೂ ಕೆಲವರು ಇಪ್ಪತ್ತು ವರ್ಷ ಒಂದೇ ಲೇತನ್ನು ತೋರಿಸಿ ಕಾಲ ಕಳೆದದ್ದುಂಟು. ಸುಧಾರಣೆ ಬೇಕಿತ್ತು. 2007ರ ನಂತರ ಅದು ಬಂತು, ಒಂದರ ಮೇಲೊಂದರಂತೆ ಬಂತು. ಆ ವರ್ಷ ಆರಂಭವಾದ ಯೋಜನೆಯಲ್ಲಿ 1,396 ಸರ್ಕಾರಿ ಐ.ಟಿ.ಐ.ಗಳಿಗೆ, ಉದ್ಯಮಿಗಳನ್ನೊಳಗೊಂಡ ಆಡಳಿತ ಸಮಿತಿಗಳ ಮೂಲಕ, ತಲಾ 2.5 ಕೋಟಿ ರೂಪಾಯಿಗಳ ತನಕ ಬಡ್ಡಿರಹಿತ ಸಾಲವನ್ನು ಕೊಡಲಾಯಿತು. ಧರ್ಮಸಂಸ್ಥೆಗಳ ಕೇಂದ್ರಗಳು ಖಾಸಗಿಯವಾದುದರಿಂದ ಈ ಪಟ್ಟಿಗೆ ಸೇರಲಿಲ್ಲ. 2012ರ ಸುಮಾರಿಗೆ ಮಾನ್ಯತೆಗೆ ಮುಂಚಿನ ತಪಾಸಣೆಯು ಭಾರತೀಯ ಗುಣಮಟ್ಟ ಮಂಡಳಿಯ ಕೈಗೆ ಹೋಯಿತು. ಖಾಸಗಿ ಸಂಸ್ಥೆಗಳು ಅಣಬೆಗಳಂತೆ ಎದ್ದವು. 2017ರ ಹೊತ್ತಿಗೆ ದೇಶದ ಐ.ಟಿ.ಐ.ಗಳ ಸಂಖ್ಯೆಯು 13,000ವನ್ನು ಮೀರಿತ್ತು, ಅವುಗಳಲ್ಲಿ ಬಹುಪಾಲು ಖಾಸಗಿ. ಅವುಗಳ ಮಟ್ಟದ ಬಗ್ಗೆ ಸಂಸತ್ತಿನ ಸ್ಥಾಯೀ ಸಮಿತಿಯೇ ಕಟುವಾಗಿ ಬರೆಯಿತು. ಕಾಗದದ ಮೇಲೆ ಕಾರ್ಯಾಗಾರ ತೋರಿಸಿದವರನ್ನು ಹಿಡಿಯಲು ನಿಯಮಗಳು ಬಿಗಿಯಾದವು. ಬಿಗಿಯಾದ ನಿಯಮಗಳಿಗೆ ಬೇಗ ಸಿಕ್ಕಿಬಿದ್ದವರು ಮಾತ್ರ, ವಕೀಲರನ್ನಾಗಲಿ ಲೆಕ್ಕಿಗರನ್ನಾಗಲಿ ಇಟ್ಟುಕೊಳ್ಳಲಾರದ ಸಣ್ಣವರು.

2013ರಲ್ಲಿ ಆರು ತಿಂಗಳಿಗೊಂದು ಪರೀಕ್ಷೆಯ ಪದ್ಧತಿ ಬಂತು, 2018ರಲ್ಲಿ ಅದು ಹೋಗಿ ಮತ್ತೆ ವಾರ್ಷಿಕ ಪದ್ಧತಿ ಬಂತು. 2014ರಲ್ಲಿ ಕೌಶಲ ಅಭಿವೃದ್ಧಿಗೆಂದು ಪ್ರತ್ಯೇಕ ಮಂತ್ರಾಲಯವಾಯಿತು, ಮರುವರ್ಷ ತರಬೇತಿ ವಿಭಾಗವು ಕಾರ್ಮಿಕ ಮಂತ್ರಾಲಯದಿಂದ ಅಲ್ಲಿಗೆ ವರ್ಗವಾಯಿತು. 2018ರ ಡಿಸೆಂಬರಿನಲ್ಲಿ ಹಳೆಯ ಮಂಡಳಿಯ ಸ್ಥಾನಕ್ಕೆ ಹೊಸ ಮಂಡಳಿಯ ಘೋಷಣೆಯಾಯಿತು. ಪ್ರತಿಯೊಂದಕ್ಕೂ ಸಕಾರಣವಿದ್ದಿರಬಹುದು. ಕೆಳಗೆ ಮಾತ್ರ ಪ್ರತಿ ಸಲವೂ ಹೊಸ ನಮೂನೆ, ಹೊಸ ಜಾಲತಾಣ, ಹೊಸ ಗುಪ್ತಪದ. ನೂರಾರು ಮಕ್ಕಳಿರುವ ಸಂಸ್ಥೆಗೆ ಇದಕ್ಕಾಗಿ ಒಬ್ಬ ಗುಮಾಸ್ತನಿರುತ್ತಾನೆ. ನಲವತ್ತು ಮಕ್ಕಳಿರುವಲ್ಲಿ ವೆಲ್ಡಿಂಗ್ ಮೇಷ್ಟ್ರೇ ಗುಮಾಸ್ತ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. 2016ರ ಆಗಸ್ಟಿನಲ್ಲಿ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯು ಆರಂಭವಾಯಿತು. ಅಪ್ರೆಂಟಿಸನ ನಿಗದಿತ ಭತ್ಯೆಯ ನಾಲ್ಕನೆಯ ಒಂದು ಪಾಲನ್ನು, ತಿಂಗಳಿಗೆ 1,500 ರೂಪಾಯಿಗಳ ಮಿತಿಗೊಳಪಟ್ಟು, ಕೇಂದ್ರವು ಉದ್ಯೋಗದಾತನಿಗೆ ಮರಳಿ ಕೊಡುತ್ತಿತ್ತು. ಇದೇ ಯೋಜನೆಯಲ್ಲಿ, ಹಿಂದೆ ತರಬೇತಿಯಿಲ್ಲದ ಹೊಸಬರಿಗೆ ಮೂಲ ತರಬೇತಿ ಕೊಟ್ಟ ಸಂಸ್ಥೆಗೆ 500 ಗಂಟೆಗಳಿಗೆ 7,500 ರೂಪಾಯಿಗಳ ತನಕ ಮರುಪಾವತಿಯೂ ಇತ್ತು. ಬಹುಕಾಲದ ಮೇಲೆ ಮನೆಯ ಹೆಸರು ಲೆಕ್ಕದಲ್ಲಿ ಕಾಣಿಸಿಕೊಂಡಿತೆಂದು ನಾವು ಸಂತೋಷಪಟ್ಟೆವು. ಬಳಿಕ ಭಾಗಿಸಿ ನೋಡಿದೆವು. ಗಂಟೆಗೆ 15 ರೂಪಾಯಿ. ವೆಲ್ಡಿಂಗ್ ಕಲಿಯುವ ಹುಡುಗ ಒಂದು ಗಂಟೆಯಲ್ಲಿ ಸುಡುವ ಕಡ್ಡಿಗಳ ಬೆಲೆಯೇ ಅದಕ್ಕಿಂತ ಹೆಚ್ಚು. ಅದೂ ಮರುಪಾವತಿ, ಎಂದರೆ ಮೊದಲು ಖರ್ಚು ಮಾಡಬೇಕು, ಆಮೇಲೆ ಕೇಳಬೇಕು.

2019ರ ನಿಯಮಗಳು ಭತ್ಯೆಯನ್ನು ವಿದ್ಯಾರ್ಹತೆಗನುಸಾರ 5,000ದಿಂದ 9,000 ರೂಪಾಯಿಗಳಿಗೆ ಏರಿಸಿದವು. ಮೂವತ್ತಕ್ಕಿಂತ ಕಡಿಮೆ ಜನರಿರುವ ಸಣ್ಣ ಉದ್ಯಮಗಳೂ ಇಚ್ಛೆಯಿದ್ದರೆ ಅಪ್ರೆಂಟಿಸರನ್ನು ತೆಗೆದುಕೊಳ್ಳಲು ದಾರಿಯಾಯಿತು. 2023ರ ಆಗಸ್ಟಿನಿಂದ ಕೇಂದ್ರದ ಪಾಲು ಉದ್ಯೋಗದಾತನ ಮೂಲಕ ಹೋಗದೆ ನೇರವಾಗಿ ಹುಡುಗನ ಬ್ಯಾಂಕ್ ಖಾತೆಗೆ ಜಮೆಯಾಗತೊಡಗಿತು. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ. ಮಧ್ಯದಲ್ಲಿ ಹಣ ಸೋರುವುದನ್ನು ಕಣ್ಣಾರೆ ಕಂಡವರು ಮೆಚ್ಚದಿರಲಾರರು. ತಂದೆಯಿಲ್ಲದ ಹುಡುಗನೊಬ್ಬನು ತನ್ನ ಖಾತೆಗೆ ಬಂದ ಮೊದಲ ಹಣದ ಸಂದೇಶವನ್ನು ಕೈಫೋನಿನಲ್ಲಿ ನಮಗೆ ತೋರಿಸಲು ಪೂಜೆ ಮುಗಿಯುವ ತನಕ ಹೊರಗೆ ಕಾದು ನಿಂತಿದ್ದನು.

ಹೀಗೆ ಹಣವು ಒಮ್ಮೆ ಮನೆಗೆ, ಬಳಿಕ ಯಜಮಾನನಿಗೆ, ಈಗ ಹುಡುಗನಿಗೆ ಹರಿಯುತ್ತಿದೆ. ಕರ್ನಾಟಕದಲ್ಲಿ 150 ಸರ್ಕಾರಿ ಐ.ಟಿ.ಐ.ಗಳು ಟಾಟಾ ಟೆಕ್ನಾಲಜೀಸ್ ಸಂಸ್ಥೆಯ ಸಹಯೋಗದಿಂದ ನವೀಕರಣಗೊಂಡು 2022ರ ಜೂನಿನಲ್ಲಿ ಲೋಕಾರ್ಪಣೆಯಾದವು. ಅಂಥ ಒಂದು ಕೇಂದ್ರವನ್ನು ನಾವು ಹೋಗಿ ನೋಡಿದೆವು. ಯಂತ್ರಗಳು ನಿಜಕ್ಕೂ ಅತ್ಯುತ್ತಮ. ಬಡವರ ಮಕ್ಕಳು ಅವುಗಳ ಮುಂದೆ ನಿಲ್ಲುವಂತಾದುದು ಸಣ್ಣ ಮಾತಲ್ಲ. ಆದರೆ ನಮ್ಮ ಕೇರಿಯ ಎಂಟನೆಯ ತರಗತಿಗೆ ಶಾಲೆ ಬಿಟ್ಟ ಹುಡುಗನು ಬಸ್ಸು ಹತ್ತಿ ಅಲ್ಲಿಗೆ ಹೋಗುವವನಲ್ಲ. ಅವನನ್ನು ಮೀನು ದಕ್ಕೆಯಿಂದ ಕರೆತಂದು, ಮೂರು ದಿನ ಬಾರದಿದ್ದರೆ ಮನೆಗೆ ಹೋಗಿ ವಿಚಾರಿಸಿ, ಗರಾಜಿನ ಯಜಮಾನನೊಡನೆ ಅವನ ಪರವಾಗಿ ಮಾತಾಡುವ ಕೆಲಸಕ್ಕೆ ಯಾವ ಯೋಜನೆಯಲ್ಲಿಯೂ ಲೆಕ್ಕಶೀರ್ಷಿಕೆಯಿಲ್ಲ.

ನಮ್ಮ ಧರ್ಮಕೇಂದ್ರದ ಕಾರ್ಯಾಗಾರದಲ್ಲಿ ಈಗ ಉಳಿದಿರುವುದು ವೆಲ್ಡಿಂಗ್ ವಿಭಾಗ ಒಂದೇ. ಅದರ ಮೇಷ್ಟ್ರು ಬರುವ ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ. ಹೊಸಬರನ್ನು ನೇಮಿಸಿ ಅವರ ಸಂಬಳವನ್ನು ದೇವಾಲಯದ ನಿಧಿಯಿಂದಲೇ ಕೊಡಬೇಕೇ, ಅಥವಾ ಶತಮಾನೋತ್ಸವ ಸಭಾಂಗಣದ ವಿಸ್ತರಣೆಗೆ ಆ ಜಾಗವನ್ನು ಬಿಟ್ಟುಕೊಡಬೇಕೇ ಎಂಬ ವಿಷಯವು ಪಾಲನಾ ಮಂಡಳಿಯ ಮುಂದಿದೆ. ಮಾಡು ಸೋರುತ್ತಿದೆ, ಲೇತಿನ ಮೇಲೆ ಟಾರ್ಪಾಲು ಹೊದಿಸಿದ್ದೇವೆ. ಈ ವರ್ಷ ಹನ್ನೊಂದು ಮಂದಿ ಹುಡುಗರು ಕಲಿಯುತ್ತಿದ್ದಾರೆ. ಸಭೆಗೆ ಬರುವ ಸದಸ್ಯರು ಮುನ್ನಾದಿನ ಬೆಳಿಗ್ಗೆ ಒಮ್ಮೆ ಹಿಂಬದಿಯ ಬಾಗಿಲಿನಿಂದ ಹೋಗಿ ಅವರನ್ನು ನೋಡಿ ಬರಬೇಕೆಂದು ನಾವು ಕೇಳಿಕೊಂಡಿದ್ದೇವೆ.